ಆವೃತ್ತಿವಾರು ಕೈಪಿಡಿ ತಾಣ: ಹಳೆಯ ಆವೃತ್ತಿಗಳನ್ನು ಪ್ರತಿ ಸಲ ಬಿಲ್ಡ್ ಮಾಡಬೇಕೆ, ಒಮ್ಮೆ ಮಾಡಿದ್ದನ್ನೇ ಉಳಿಸಬೇಕೆ?

ಲಿಪಿಗಾರ (ಪ್ರಶ್ನೆ)

ನಮಸ್ಕಾರ. ನುಡಿ ಮತ್ತು ಬರಹದ ಹಳೆಯ ಫಾಂಟ್ ಸಂಕೇತಗಳಲ್ಲಿ ಟೈಪ್ ಮಾಡಿಟ್ಟ ಕನ್ನಡ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸುವ ಒಂದು ಪೈಥಾನ್ ಲೈಬ್ರರಿಯನ್ನು ನಾವು ಕೆಲವರು ಸೇರಿ ಮುಕ್ತ ತಂತ್ರಾಂಶವಾಗಿ ನಿರ್ವಹಿಸುತ್ತಿದ್ದೇವೆ. ಅದರ ಕೈಪಿಡಿ ಸ್ಫಿಂಕ್ಸ್‌ನಲ್ಲಿದೆ (ಬರೆದ ಪಠ್ಯದಿಂದ ವೆಬ್ ಪುಟಗಳನ್ನು ಕಟ್ಟಿಕೊಡುವ, ಅಂದರೆ ಬಿಲ್ಡ್ ಮಾಡುವ ಉಪಕರಣ), ಗಿಟ್‌ಹಬ್‌ನ ತಾಣ ಸೇವೆಯಾದ ಗಿಟ್‌ಹಬ್ ಪೇಜಸ್‌ನಲ್ಲಿ ಪ್ರಕಟವಾಗುತ್ತದೆ. ಮೂಲ ಇಂಗ್ಲಿಷ್‌ನಲ್ಲಿದ್ದು ಕನ್ನಡ ಅನುವಾದವೂ ಜೊತೆಗಿದೆ. ಮುಖ್ಯ ಬ್ರಾಂಚ್‌ಗೆ (ಕೋಡಿನ ಮುಖ್ಯ ಕವಲಿಗೆ) ಕಮಿಟ್, ಅಂದರೆ ಬದಲಾವಣೆ, ಬಿದ್ದೊಡನೆ ಇಡೀ ತಾಣ ಹೊಸದಾಗಿ ಬಿಲ್ಡ್ ಆಗಿ ಹಳೆಯದನ್ನು ಅಳಿಸಿ ಅದರ ಜಾಗದಲ್ಲಿ ಕೂರುತ್ತದೆ.

2.0 ಬಿಡುಗಡೆಯಾಗುವವರೆಗೆ ಇದರಿಂದ ಯಾವ ತೊಂದರೆಯೂ ಇರಲಿಲ್ಲ. 2.0ರಲ್ಲಿ ಪರಿವರ್ತನೆಯ ಮುಖ್ಯ ಫಂಕ್ಷನ್ ಬರಿಯ ಸ್ಟ್ರಿಂಗ್ ಕೊಡುವುದನ್ನು ಬಿಟ್ಟು, ಪರಿವರ್ತಿತ ಪಠ್ಯವನ್ನೂ ಗುರುತು ಸಿಗದ ಅಕ್ಷರಗಳ ಪಟ್ಟಿಯನ್ನೂ ಒಟ್ಟಿಗೆ ಕೊಡುವ ಆಬ್ಜೆಕ್ಟ್ ಒಂದನ್ನು ಕೊಡುತ್ತದೆ. ಆದರೆ ಹಳೆಯ ಡಿಟಿಪಿ ಕಡತಗಳನ್ನು ರಾಶಿಗಟ್ಟಲೆ ಇಟ್ಟುಕೊಂಡಿರುವ ಪ್ರಕಾಶಕರ ಸ್ಕ್ರಿಪ್ಟ್‌ಗಳು ಇನ್ನೂ 1.4ರಲ್ಲೇ ನಡೆಯುತ್ತಿವೆ, ಸದ್ಯಕ್ಕೆ ಅವರು ಬದಲಾಯಿಸುವುದೂ ಇಲ್ಲ. ಅವರು ಕೈಪಿಡಿಯನ್ನು ತೆರೆದರೆ ಸಿಗುವುದು 2.1ರ ವಿವರಣೆ. ಹೀಗಾಗಿ ಇಲ್ಲದ ಆರ್ಗ್ಯುಮೆಂಟ್ ಬಳಸಿ ದೋಷ ಬಂತೆಂದು ವರದಿಗಳು ಬರುತ್ತಿವೆ.

ಸ್ಫಿಂಕ್ಸ್‌ನಲ್ಲಿ ಒಂದಕ್ಕಿಂತ ಹೆಚ್ಚು ಆವೃತ್ತಿಗಳನ್ನು ಪ್ರಕಟಿಸಲು ಯಾವ ಉಪಕರಣ ಸೂಕ್ತ ಎಂದು ಅನುಭವವಿರುವವರು ತಿಳಿಸಬೇಕಾಗಿ ವಿನಂತಿ. ಗಿಟ್‌ಹಬ್ ಪೇಜಸ್ ಬಿಟ್ಟು ಬೇರೆಡೆ ಹೋಗಲು ಅಭ್ಯಂತರವಿಲ್ಲ, ಆದರೆ ಸರ್ವರ್ ನೋಡಿಕೊಳ್ಳುವಷ್ಟು ಜನ ನಮ್ಮಲ್ಲಿಲ್ಲ.

ಹಳೆಯ ಕೊಂಡಿ

ಉಪಕರಣದ ಆಯ್ಕೆಯನ್ನು ಕೊನೆಗೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಉಪಕರಣವನ್ನು ಮುಂದೆ ಎಂದಾದರೂ ಬದಲಾಯಿಸಬಹುದು. ಒಮ್ಮೆ ಹೊರಗೆ ಬಿಟ್ಟ ವಿಳಾಸಗಳನ್ನು ಹಾಗೆ ಬದಲಾಯಿಸಲಾಗದು. ಯಾರದೋ ಬ್ಲಾಗಿನಲ್ಲಿ, ಯಾರದೋ ಕೋಡಿನ ಕಾಮೆಂಟಿನಲ್ಲಿ ನಿಮ್ಮ ಕೊಂಡಿ ಕೂತುಬಿಟ್ಟಿರುತ್ತದೆ. ಆದ್ದರಿಂದ ನಿರ್ಧಾರವಾಗಬೇಕಾದ ಮೊದಲ ವಿಷಯ ವಿಳಾಸದ ರಚನೆ.

ಪೈಥಾನ್‌ನ ಅಧಿಕೃತ ಕೈಪಿಡಿಯನ್ನು ಗಮನಿಸಿ. ಅಲ್ಲಿ /3/ ಎಂಬ ವಿಳಾಸ ಯಾವಾಗಲೂ ಇತ್ತೀಚಿನ ಸ್ಥಿರ ಬಿಡುಗಡೆಯನ್ನು ತೋರಿಸುತ್ತದೆ, /3.12/ ಎಂಬುದು ಎಂದೆಂದಿಗೂ 3.12 ಆಗಿಯೇ ಇರುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೈಪಿಡಿಯಲ್ಲಿ ಇದೇ ಕೆಲಸವನ್ನು 'ಕರೆಂಟ್' ಎಂಬ ವಿಳಾಸ ಮಾಡುತ್ತದೆ. ಕೈಪಿಡಿಗಳನ್ನು ಬಿಲ್ಡ್ ಮಾಡಿ ಪ್ರಕಟಿಸುವ ಸೇವೆಯಾದ ರೀಡ್ ದ ಡಾಕ್ಸ್‌ನಲ್ಲಿ 'ಸ್ಟೇಬಲ್' ಮತ್ತು 'ಲೇಟೆಸ್ಟ್' ಎಂದು ಎರಡಿವೆ. ಮೊದಲನೆಯದು ಪೂರ್ವಬಿಡುಗಡೆಗಳನ್ನು ಬಿಟ್ಟು ಅತಿ ದೊಡ್ಡ ಸಂಖ್ಯೆಯ ಟ್ಯಾಗ್‌ಗೆ (ಬಿಡುಗಡೆಯ ಗುರುತಿಗೆ), ಎರಡನೆಯದು ಮುಖ್ಯ ಬ್ರಾಂಚ್‌ಗೆ ಹೊಂದಿಕೊಂಡಿರುತ್ತದೆ. ಈ ಕೊನೆಯ ಹೆಸರಿನ ಬಗ್ಗೆ ಎಚ್ಚರವಿರಲಿ: ಹೆಚ್ಚಿನ ಓದುಗರು 'ಲೇಟೆಸ್ಟ್' ಎಂದರೆ ಇತ್ತೀಚಿನ ಬಿಡುಗಡೆ ಎಂದೇ ತಿಳಿಯುತ್ತಾರೆ, ಅಲ್ಲಿರುವುದು ಇನ್ನೂ ಬಿಡುಗಡೆಯಾಗದ ಕೋಡಿನ ವಿವರಣೆ. ನಿಮ್ಮಲ್ಲಿ ಅದನ್ನು 'ಡೆವ್' ಎಂದು ಕರೆಯುವುದು ಒಳ್ಳೆಯದು.

ಇನ್ನೊಂದು ಮಾತು. 2.1.0, 2.1.1, 2.1.2 ಎಂದು ಪ್ರತಿ ಸಣ್ಣ ತಿದ್ದುಪಡಿಗೂ ಪ್ರತ್ಯೇಕ ಕೈಪಿಡಿ ಬೇಡ. 2.1 ಎಂಬ ಒಂದೇ ವಿಳಾಸದಲ್ಲಿ ಆ ಸಾಲಿನ ಕೊನೆಯ ತಿದ್ದುಪಡಿಯ ಕೈಪಿಡಿ ಇದ್ದರೆ ಸಾಕು. ಈಗ ಆವೃತ್ತಿ ಸಂಖ್ಯೆಯಿಲ್ಲದೆ ಹೊರಗೆ ಹರಡಿರುವ ನಿಮ್ಮ ಹಳೆಯ ವಿಳಾಸಗಳಿಗೂ ಒಂದು ದಾರಿ ಮಾಡಬೇಕಾಗುತ್ತದೆ. ಗಿಟ್‌ಹಬ್ ಪೇಜಸ್‌ನಲ್ಲಿ ಸರ್ವರ್ ಮಟ್ಟದ ರಿಡೈರೆಕ್ಟ್ ಬರೆಯಲು ಅವಕಾಶವಿಲ್ಲದ ಕಾರಣ, ಹಳೆಯ ಪ್ರತಿಯೊಂದು ಪುಟದ ಜಾಗದಲ್ಲೂ ಮೆಟಾ ರಿಫ್ರೆಶ್ (ಓದುಗನನ್ನು ಹೊಸ ವಿಳಾಸಕ್ಕೆ ಕಳುಹಿಸುವ ಸಾಲು) ಇರುವ ಪುಟ್ಟ ಎಚ್‌ಟಿಎಂಎಲ್ ಕಡತವೊಂದನ್ನು ಇಡಬೇಕು.

ಕಡಲತಡಿ

ವಿಳಾಸದ ವಿಷಯದಲ್ಲಿ ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಉಪಕರಣದ ಕುರಿತು ಹೇಳುವುದಾದರೆ, ಸ್ಫಿಂಕ್ಸ್‌ನಂತಹದೇ ಆದ ಎಂಕೆಡಾಕ್ಸ್ ಬಳಸುವವರಿಗೆ ಇರುವ 'ಮೈಕ್' ಎಂಬ ಸಣ್ಣ ಉಪಕರಣದ ನಿಲುವು ನನಗೆ ಎಲ್ಲಕ್ಕಿಂತ ಹಿಡಿಸಿದೆ: ಒಂದು ಆವೃತ್ತಿಯ ಕೈಪಿಡಿ ಒಮ್ಮೆ ಬಿಲ್ಡ್ ಆದ ಮೇಲೆ ಅದನ್ನು ಮತ್ತೆ ಮುಟ್ಟುವ ಅಗತ್ಯವೇ ಬರಬಾರದು. ಅದು ಪ್ರಕಟಣೆಯ ಬ್ರಾಂಚ್‌ನಲ್ಲಿ ಆವೃತ್ತಿಗೊಂದು ಫೋಲ್ಡರ್ ಇಡುತ್ತದೆ, ಬೇರಿನಲ್ಲಿ (ಎಲ್ಲಕ್ಕೂ ಮೇಲಿನ ಫೋಲ್ಡರ್‌ನಲ್ಲಿ) 'ವರ್ಶನ್ಸ್' ಎಂಬ ಜೇಸನ್ ಕಡತದಲ್ಲಿ ಎಲ್ಲ ಆವೃತ್ತಿಗಳ ಪಟ್ಟಿ ಇಡುತ್ತದೆ, 'ಲೇಟೆಸ್ಟ್' ಮುಂತಾದ ಅಡ್ಡಹೆಸರುಗಳನ್ನು ಸಿಮ್‌ಲಿಂಕ್ (ಇನ್ನೊಂದು ಫೋಲ್ಡರನ್ನು ತೋರಿಸುವ ಕೊಂಡಿ) ಆಗಿಯೋ ರಿಡೈರೆಕ್ಟ್ ಆಗಿಯೋ ಪೂರ್ತಿ ನಕಲಾಗಿಯೋ ಇಟ್ಟುಕೊಡುತ್ತದೆ.

ನೀವು ಸ್ಫಿಂಕ್ಸ್‌ನಲ್ಲಿರುವುದರಿಂದ ಮೈಕ್ ನೇರವಾಗಿ ಸಿಗದು. ಆದರೆ ಇದರಲ್ಲಿ ಮಾಂತ್ರಿಕವಾದದ್ದು ಏನೂ ಇಲ್ಲ. ಗಿಟ್‌ಹಬ್‌ನ ಸ್ವಯಂಚಾಲಿತ ಕೆಲಸಗಳ ವ್ಯವಸ್ಥೆಯಾದ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಕೆಲವೇ ಸಾಲುಗಳಲ್ಲಿ ಮಾಡಿಕೊಳ್ಳಬಹುದು. ಹಾಗೆ ಮಾಡುವಾಗ ಒಂದು ಸಂಗತಿ ಹೊಸಬರನ್ನು ಬಹಳ ಕಾಡಿಸುತ್ತದೆ. ಬ್ರಾಂಚ್‌ನಿಂದ ಪ್ರಕಟವಾಗುವ ಗಿಟ್‌ಹಬ್ ಪೇಜಸ್ ತಾಣವು ಜೆಕಿಲ್ ಎಂಬ ತಾಣ ಕಟ್ಟುವ ಉಪಕರಣದ ಮೂಲಕ ಹಾದುಹೋಗುತ್ತದೆ, ಜೆಕಿಲ್ ಅಂಡರ್‌ಸ್ಕೋರ್‌ನಿಂದ ಆರಂಭವಾಗುವ ಫೋಲ್ಡರ್‌ಗಳನ್ನು ಕಡೆಗಣಿಸುತ್ತದೆ. ಸ್ಫಿಂಕ್ಸ್‌ನ ಸಿಎಸ್‌ಎಸ್ ಮತ್ತು ಜಾವಾಸ್ಕ್ರಿಪ್ಟ್ ಇರುವುದೇ '_ಸ್ಟ್ಯಾಟಿಕ್' ಎಂಬ ಫೋಲ್ಡರ್‌ನಲ್ಲಿ. ಇದನ್ನು ತಪ್ಪಿಸಲು '.ನೋಜೆಕಿಲ್' ಎಂಬ ಖಾಲಿ ಕಡತ ಬೇಕು, ಸ್ಫಿಂಕ್ಸ್‌ನ ಗಿಟ್‌ಹಬ್ ಪೇಜಸ್ ಎಕ್ಸ್‌ಟೆನ್ಶನ್ ಅದನ್ನು ತಾನೇ ಸೃಷ್ಟಿಸುತ್ತದೆ. ಆದರೆ ಅದು ಸೃಷ್ಟಿಸುವುದು ಔಟ್‌ಪುಟ್ ಫೋಲ್ಡರ್‌ನಲ್ಲಿ. ನೀವು ಆ ಫೋಲ್ಡರನ್ನು /2.1/ ಒಳಗೆ ನಕಲಿಸಿದಾಗ ಕಡತವೂ /2.1/ ಒಳಗೆ ಹೋಗಿ ಕೂರುತ್ತದೆ, ಅಲ್ಲಿ ಅದರಿಂದ ಯಾವ ಪ್ರಯೋಜನವೂ ಇಲ್ಲ. ಅದು ಇರಬೇಕಾದದ್ದು ಬ್ರಾಂಚ್‌ನ ಬೇರಿನಲ್ಲಿ. ಪುಟಗಳೆಲ್ಲ ಬಣ್ಣವಿಲ್ಲದೆ ಬರಿಯ ಅಕ್ಷರಗಳಾಗಿ ಕಾಣಿಸಿದರೆ ಮೊದಲು ಇದನ್ನು ನೋಡಿ. ಆಕ್ಷನ್ಸ್ ಮೂಲಕ ಆರ್ಟಿಫ್ಯಾಕ್ಟ್ (ಬಿಲ್ಡ್ ಆದ ಕಡತಗಳ ಕಟ್ಟು) ಕಳುಹಿಸಿ ಪ್ರಕಟಿಸುವ ವಿಧಾನದಲ್ಲಿ ಜೆಕಿಲ್ ನಡುವೆ ಬರುವುದಿಲ್ಲ, ಆದರೆ ಅಲ್ಲಿ ಸಿಮ್‌ಲಿಂಕ್‌ಗಳಿಗೆ ಅವಕಾಶವಿಲ್ಲ.

ಗಾತ್ರದ ಬಗ್ಗೆಯೂ ಒಂದು ಮಾತು: ಪ್ರಕಟಿತ ತಾಣಕ್ಕೆ ಗಿಟ್‌ಹಬ್ ಹಾಕಿರುವ ಮಿತಿ 1 ಜಿಬಿ. ಒಂದೇ ಕನ್ನಡ ಫಾಂಟ್ ಕಡತ ಎಲ್ಲ ಆವೃತ್ತಿಗಳ ಫೋಲ್ಡರ್‌ನಲ್ಲಿದ್ದರೂ ಗಿಟ್ ಅದನ್ನು ಒಂದೇ ವಸ್ತುವಾಗಿ ಉಳಿಸಿಕೊಳ್ಳುತ್ತದೆ, ಆದರೆ ಪ್ರಕಟಿತ ತಾಣದ ಲೆಕ್ಕದಲ್ಲಿ ಪ್ರತಿ ನಕಲೂ ಪ್ರತ್ಯೇಕವೇ. ಫಾಂಟ್‌ಗಳನ್ನು ಬೇರಿನಲ್ಲಿ ಒಂದೇ ಕಡೆ ಇಟ್ಟರೆ ಆ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ.

ಮಲೆನಾಡ ಬಿಲ್ಡ್

ಒಮ್ಮೆ ಬಿಲ್ಡ್ ಮಾಡಿ ಕೈತೊಳೆದುಕೊಳ್ಳುವ ನಿಲುವಿಗೆ ನನ್ನ ವಿರೋಧವಿದೆ. ಹಳೆಯ ಆವೃತ್ತಿಯ ಕೈಪಿಡಿಯಲ್ಲಿ ಅಪಾಯಕಾರಿಯಾದ ಒಂದು ಉದಾಹರಣೆ ಇದೆ ಎಂದು ನಾಳೆ ಗೊತ್ತಾದರೆ ಏನು ಮಾಡುತ್ತೀರಿ? ಬಿಲ್ಡ್ ಆದ ಎಚ್‌ಟಿಎಂಎಲ್ ಅನ್ನು ಕೈಯಿಂದ ತಿದ್ದುತ್ತೀರಾ? ಸ್ಫಿಂಕ್ಸ್-ಮಲ್ಟಿವರ್ಶನ್ ಎಂಬ ಎಕ್ಸ್‌ಟೆನ್ಶನ್ ಇದೆ. ಯಾವ ಬ್ರಾಂಚ್ ಮತ್ತು ಟ್ಯಾಗ್‌ಗಳು ಬೇಕೆಂದು ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ (ಹೆಸರುಗಳ ಮಾದರಿ) ಬರೆದರೆ, ಪ್ರತಿಯೊಂದನ್ನೂ ಹೊರತೆಗೆದು, ಎಲ್ಲವನ್ನೂ ಒಂದೇ ಓಟದಲ್ಲಿ ಬಿಲ್ಡ್ ಮಾಡುತ್ತದೆ. ಆಸ್ಕಿಡಾಕ್ ಎಂಬ ಬರಹ ವಿಧಾನ ಬಳಸುವವರ ಆಂಟೋರಾ ಕೂಡ ಇದೇ ದಾರಿಯದು: ಆವೃತ್ತಿಗಳೆಂದರೆ ಗಿಟ್ ಬ್ರಾಂಚ್‌ಗಳು, ತಾಣ ಬಿಲ್ಡ್ ಆಗುವಾಗ ಎಲ್ಲ ಬ್ರಾಂಚ್‌ಗಳಿಂದ ಪಠ್ಯವನ್ನು ಎಳೆದುಕೊಳ್ಳುತ್ತದೆ. ಹೀಗೆ ಮಾಡಿದರೆ ಥೀಮ್ ಬದಲಾದಾಗ ಎಲ್ಲ ಆವೃತ್ತಿಗಳ ನೋಟವೂ ಬದಲಾಗುತ್ತದೆ, ಆವೃತ್ತಿ ಆರಿಸುವ ಮೆನು ಎಲ್ಲೆಡೆ ಒಂದೇ ಆಗಿರುತ್ತದೆ.

ಕಡಲತಡಿ

ಆಂಟೋರಾಕ್ಕೂ ನೀವು ಹೇಳಿದ ಎಕ್ಸ್‌ಟೆನ್ಶನ್‌ಗೂ ಒಂದು ಮುಖ್ಯ ವ್ಯತ್ಯಾಸವಿದೆ. ಆಂಟೋರಾ ಓದುವುದು ಬರಿಯ ಪಠ್ಯವನ್ನು. ಸ್ಫಿಂಕ್ಸ್ ಕೈಪಿಡಿಯ ಎಪಿಐ ಪುಟಗಳು (ಲೈಬ್ರರಿಯ ಫಂಕ್ಷನ್‌ಗಳ ವಿವರ) ಆಟೋಡಾಕ್ ಮೂಲಕ ಬರುತ್ತವೆ, ಆಟೋಡಾಕ್ ಲೈಬ್ರರಿಯನ್ನು ನಿಜವಾಗಿ ಇಂಪೋರ್ಟ್ ಮಾಡಿ ಡಾಕ್‌ಸ್ಟ್ರಿಂಗ್‌ಗಳನ್ನು (ಕೋಡಿನೊಳಗೇ ಬರೆದ ವಿವರಣೆಗಳನ್ನು) ಓದುತ್ತದೆ. ಎಲ್ಲ ಆವೃತ್ತಿಗಳನ್ನು ಒಂದೇ ಎನ್ವಿರಾನ್‌ಮೆಂಟ್‌ನಲ್ಲಿ (ಇನ್‌ಸ್ಟಾಲ್ ಮಾಡಿದ ಪ್ಯಾಕೇಜ್‌ಗಳ ಒಂದೇ ಗುಂಪಿನಲ್ಲಿ) ಬಿಲ್ಡ್ ಮಾಡಿದಾಗ, ಅಲ್ಲಿ ಇನ್‌ಸ್ಟಾಲ್ ಆಗಿರುವುದು 2.1 ಆಗಿದ್ದರೆ, 1.4ರ ಟ್ಯಾಗ್‌ನಿಂದ ಬಿಲ್ಡ್ ಆದ ಪುಟದಲ್ಲೂ 2.1ರ ಫಂಕ್ಷನ್ ವಿವರಣೆಯೇ ಬಂದು ಕೂರುತ್ತದೆ. ತಲೆಬರಹ 1.4, ಒಳಗಿನ ಫಂಕ್ಷನ್ ರೂಪ 2.1. ಬಿಲ್ಡ್ ಲಾಗ್‌ನಲ್ಲಿ ದೋಷವೂ ಇಲ್ಲ, ಎಚ್ಚರಿಕೆಯೂ ಇಲ್ಲ. ಪ್ರಶ್ನೆ ಕೇಳಿದವರ ತೊಂದರೆ ಇದೇ ತಾನೆ? ಅದನ್ನೇ ಇನ್ನಷ್ಟು ಕಾಣದಂತೆ ಮಾಡಿದ ಹಾಗಾಗುತ್ತದೆ.

ಎರಡನೆಯ ತೊಡಕು, ಹಳೆಯ ಕೈಪಿಡಿಗಳು ಹೊಸ ಉಪಕರಣಗಳಲ್ಲಿ ಬಿಲ್ಡ್ ಆಗುವುದಿಲ್ಲ. ಮಾರ್ಚ್ 2022ರಲ್ಲಿ ಸ್ಫಿಂಕ್ಸ್ ಬಳಸುವ ಜಿಂಜಾ ಲೈಬ್ರರಿಯ 3.1 ಬಂದಾಗ, ಮೊದಲೇ ಹೋಗಲಿವೆ ಎಂದು ಸೂಚಿಸಲಾಗಿದ್ದ ಕೆಲವು ಹೆಸರುಗಳನ್ನು ಅದರಿಂದ ತೆಗೆದುಹಾಕಲಾಯಿತು, ಅವುಗಳನ್ನು ಇಂಪೋರ್ಟ್ ಮಾಡುತ್ತಿದ್ದ ಹಳೆಯ ಸ್ಫಿಂಕ್ಸ್ ಆವೃತ್ತಿಗಳು ಒಮ್ಮೆಲೇ ನಿಂತುಹೋದವು. ಯಾರೂ ತಮ್ಮ ಕೈಪಿಡಿಯಲ್ಲಿ ಒಂದಕ್ಷರ ಬದಲಾಯಿಸಿರಲಿಲ್ಲ. ಎಲ್ಲವನ್ನೂ ಒಂದೇ ಓಟದಲ್ಲಿ ಬಿಲ್ಡ್ ಮಾಡುವ ಪದ್ಧತಿಯಲ್ಲಿ, ಯಾರೂ ಓದದ 1.0ರ ಬಿಲ್ಡ್ ಮುರಿದರೆ ಇಂದು ಬಿಡುಗಡೆಯಾಗಬೇಕಾದ 2.2ರ ಕೈಪಿಡಿಯೂ ಅಲ್ಲೇ ನಿಲ್ಲುತ್ತದೆ.

ಮಲೆನಾಡ ಬಿಲ್ಡ್

ಆಟೋಡಾಕ್ ವಿಷಯವನ್ನು ಒಪ್ಪುತ್ತೇನೆ. ಅದಕ್ಕೆ ಪರಿಹಾರ ಪ್ರತಿ ಆವೃತ್ತಿಗೂ ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ ಮತ್ತು ಆಯಾ ಬ್ರಾಂಚ್‌ನಲ್ಲಿಯೇ ಸಂಖ್ಯೆ ಸಹಿತ ಬಿಗಿದಿಟ್ಟ ಪ್ಯಾಕೇಜ್ ಪಟ್ಟಿ. ರೀಡ್ ದ ಡಾಕ್ಸ್ ಮಾಡುವುದೂ ಅದನ್ನೇ: ಪ್ರತಿ ಆವೃತ್ತಿ ಪ್ರತ್ಯೇಕ ಬಿಲ್ಡ್, ಪ್ರತಿ ಬಿಲ್ಡ್‌ಗೂ ಆ ಬ್ರಾಂಚ್‌ನಲ್ಲಿರುವ ಯಾಮಲ್ (ಸೆಟ್ಟಿಂಗ್‌ಗಳನ್ನು ಬರೆಯುವ ಸರಳ ರೂಪ) ಕಡತವೇ ಆಧಾರ, ಒಂದು ಮುರಿದರೆ ಮತ್ತೊಂದಕ್ಕೆ ತೊಂದರೆಯಿಲ್ಲ, ಮುರಿದ ಆವೃತ್ತಿಯ ಹಿಂದಿನ ಬಿಲ್ಡ್ ಹಾಗೆಯೇ ಉಳಿದಿರುತ್ತದೆ. ಸರ್ವರ್ ನೋಡಿಕೊಳ್ಳುವವರಿಲ್ಲದ ಯೋಜನೆಗೆ ನಾನಾದರೆ ಅದನ್ನೇ ಸೂಚಿಸುತ್ತೇನೆ. ಪುಟಗಳಲ್ಲಿ ಸಣ್ಣದೊಂದು ಜಾಹೀರಾತು ಇರುತ್ತದೆ ಎಂಬುದಷ್ಟೇ ಅದಕ್ಕೆ ತೆರಬೇಕಾದ ಬೆಲೆ.

ಯಾಮಲ್ ಎಂದಾಗ ನೆನಪಾಯಿತು: ಆವೃತ್ತಿ ಸಂಖ್ಯೆಗಳನ್ನು ಯಾಮಲ್‌ನಲ್ಲಿ ಬರೆಯುವಾಗ ಉದ್ಧರಣ ಚಿಹ್ನೆ ಕಡ್ಡಾಯವಾಗಿ ಇರಲಿ. ಇಲ್ಲದಿದ್ದರೆ 1.10 ಎಂಬುದು ದಶಮಾಂಶ ಸಂಖ್ಯೆಯಾಗಿ ಓದಲ್ಪಟ್ಟು 1.1 ಆಗುತ್ತದೆ. ಪೈಥಾನ್ 3.10 ಬಂದಾಗ ಎಷ್ಟೋ ಯೋಜನೆಗಳ ಬಿಲ್ಡ್‌ಗಳು ಅಲ್ಲಿ ಲಭ್ಯವಿಲ್ಲದ 3.1 ಅನ್ನು ಹುಡುಕಿಕೊಂಡು ಹೋದದ್ದು ಹೀಗೆಯೇ. ಮೆನುವಿನಲ್ಲಿ ಆವೃತ್ತಿಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಿದರೂ 1.9ಕ್ಕಿಂತ 1.10 ಹಿಂದೆ ಬೀಳುತ್ತದೆ.

ಒಂದೇ ಪುಟ

ಎಲ್ಲರೂ ಹೇಗೆ ಮಾಡಬೇಕೆಂದು ಹೇಳುತ್ತಿದ್ದೀರಿ, ಮಾಡಬೇಕೇ ಎಂದು ಯಾರೂ ಕೇಳುತ್ತಿಲ್ಲ. ಆವೃತ್ತಿವಾರು ಕೈಪಿಡಿಯ ಸೌಲಭ್ಯವನ್ನು ತಾನೇ ಒದಗಿಸುವ ಡಾಕ್ಯುಸಾರಸ್ ಎಂಬ ಕೈಪಿಡಿ ಉಪಕರಣದ ವಿವರಣೆಯೇ, ಹೆಚ್ಚಿನ ಯೋಜನೆಗಳಿಗೆ ಇದು ಬೇಕಾಗುವುದಿಲ್ಲ, ಬಿಲ್ಡ್ ಸಮಯವೂ ಗೋಜಲೂ ಹೆಚ್ಚುತ್ತವೆ ಎಂದು ಎಚ್ಚರಿಸುತ್ತದೆ. ಅಲ್ಲಿ ಹೊಸ ಆವೃತ್ತಿ ಗುರುತಿಸಿದಾಗಲೆಲ್ಲ ಡಾಕ್ಸ್ ಫೋಲ್ಡರ್ ಪೂರ್ತಿಯಾಗಿ ನಕಲಾಗಿ ರೆಪೊಸಿಟರಿಯಲ್ಲೇ ಕೂರುತ್ತದೆ. ಆಮೇಲೆ ಒಂದು ಅಕ್ಷರ ತಪ್ಪನ್ನು ತಿದ್ದಲು ಎಲ್ಲ ನಕಲುಗಳನ್ನೂ ತೆರೆಯಬೇಕು.

ಸ್ಫಿಂಕ್ಸ್‌ನಲ್ಲಿ 'ವರ್ಶನ್ ಆ್ಯಡೆಡ್', 'ವರ್ಶನ್ ಚೇಂಜ್ಡ್', 'ಡೆಪ್ರಿಕೇಟೆಡ್' ಎಂಬ ಡೈರೆಕ್ಟಿವ್‌ಗಳು (ಪಠ್ಯದಲ್ಲಿ ಬರೆಯುವ ಸೂಚನೆಗಳು) ಇವೆ. ಯಾವ ಆರ್ಗ್ಯುಮೆಂಟ್ ಯಾವ ಆವೃತ್ತಿಯಲ್ಲಿ ಬಂತು, ಯಾವುದರಲ್ಲಿ ಬದಲಾಯಿತು ಎಂದು ಅದರ ಕೆಳಗೇ ಒಂದು ಸಾಲು ಬರೆದರೆ ಓದುಗನಿಗೆ ಒಂದೇ ಪುಟದಲ್ಲಿ ಇತಿಹಾಸವೆಲ್ಲ ಸಿಗುತ್ತದೆ. ಬೆರಳೆಣಿಕೆಯ ಜನ ನಡೆಸುವ ಯೋಜನೆಗೆ ಇಷ್ಟು ಸಾಕು.

ಹಳೆಯ ಕೊಂಡಿ

ಆ ಡೈರೆಕ್ಟಿವ್‌ಗಳು ಹೇಗಿದ್ದರೂ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಪೈಥಾನ್ ಕೈಪಿಡಿಯಲ್ಲಿ ಪ್ರತ್ಯೇಕ ಆವೃತ್ತಿಗಳಿದ್ದರೂ ಆ ಟಿಪ್ಪಣಿಗಳೂ ಇವೆ, ಏಕೆಂದರೆ ಎರಡರ ಓದುಗರು ಬೇರೆ. 'ನನ್ನ ಕೋಡು 3.9ರಲ್ಲೂ ಓಡಬೇಕು' ಎನ್ನುವವನಿಗೆ ಟಿಪ್ಪಣಿ ಬೇಕು. 'ನನ್ನ ಬಳಿ ಇರುವುದು 3.9 ಮಾತ್ರ' ಎನ್ನುವವನಿಗೆ 3.9ರ ಕೈಪಿಡಿಯೇ ಬೇಕು. ಇಲ್ಲಿ ಫಂಕ್ಷನ್‌ನ ಫಲಿತಾಂಶದ ಸ್ವರೂಪವೇ ಬದಲಾಗಿರುವಾಗ ಕೈಪಿಡಿಯ ಪ್ರತಿಯೊಂದು ಉದಾಹರಣೆಯೂ ಬದಲಾಗಿರುತ್ತದೆ. ಪ್ರತಿ ಉದಾಹರಣೆಯ ಕೆಳಗೂ ಹಳೆಯ ರೂಪ ಬರೆಯುತ್ತ ಹೋದರೆ ಯಾರಿಗೂ ಓದಲಾಗದ ಪುಟವಾಗುತ್ತದೆ. ಆದರೆ 2.0 ಮತ್ತು 2.1ಕ್ಕೆ ಪ್ರತ್ಯೇಕ ಕೈಪಿಡಿ ಬೇಡ ಎಂಬಷ್ಟರ ಮಟ್ಟಿಗೆ ನಿಮ್ಮ ವಾದ ಸರಿ, ಇವರಿಗೆ 1.4 ಮತ್ತು 2 ಎಂಬ ಎರಡು ಸಾಲುಗಳು ಸಾಕು.

ಎಷ್ಟು ಆವೃತ್ತಿ ಉಳಿಸಬೇಕೆಂಬುದಕ್ಕೆ ಕ್ಯುಬರ್ನೆಟೀಸ್ ಒಂದು ನಿಯಮ ಮಾಡಿಕೊಂಡಿದೆ: ಈಗಿನದು ಮತ್ತು ಅದರ ಹಿಂದಿನ ನಾಲ್ಕು. ಪೋಸ್ಟ್‌ಗ್ರೆಸ್ ಏನನ್ನೂ ತೆಗೆಯುವುದಿಲ್ಲ, ಆದರೆ ಪುಟದ ತಲೆಯಲ್ಲೇ ಬೆಂಬಲವಿರುವ ಆವೃತ್ತಿಗಳನ್ನೂ ಬೆಂಬಲ ಮುಗಿದವನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸುತ್ತದೆ. ಅದರಲ್ಲಿ ನನಗೆ ಮೆಚ್ಚುಗೆಯಾದದ್ದು, ಆ ಕೊಂಡಿಗಳು ಇನ್ನೊಂದು ಆವೃತ್ತಿಯ ಮುಖಪುಟಕ್ಕಲ್ಲ, ಅದೇ ಪುಟದ ಇನ್ನೊಂದು ಆವೃತ್ತಿಗೆ ಒಯ್ಯುತ್ತವೆ. ಆ ಪುಟ ಯಾವ ಆವೃತ್ತಿಯಲ್ಲಿ ಇರಲಿಲ್ಲವೋ ಆ ಸಂಖ್ಯೆ ಪಟ್ಟಿಯಲ್ಲೇ ಇರುವುದಿಲ್ಲ.

ಅನುವಾದಕಿ

ಅನುವಾದ ಮಾಡುವವರ ಕಡೆಯಿಂದ ಒಂದು ಮಾತು ಹೇಳಬೇಕಿದೆ, ಏಕೆಂದರೆ ಈ ಚರ್ಚೆಯಲ್ಲಿ ಇದುವರೆಗೆ ಬಂದಿರುವ ಎಲ್ಲ ಯೋಜನೆಗಳೂ ಕೈಪಿಡಿ ಬಿಡುಗಡೆಯ ದಿನವೇ ಮುಗಿದಿರುತ್ತದೆ ಎಂದು ಭಾವಿಸಿಕೊಂಡಂತಿವೆ.

ಕನ್ನಡ ಅನುವಾದ ಬಿಡುಗಡೆಯ ದಿನ ಎಂದೂ ಮುಗಿದಿರುವುದಿಲ್ಲ. ಮೂಲ ಪಠ್ಯ ಕೊನೆಯ ಗಳಿಗೆಯವರೆಗೂ ಬದಲಾಗುತ್ತಿರುತ್ತದೆ, ಹಾಗಾಗಿ ನಮ್ಮ ಕೆಲಸ ನಿಜವಾಗಿ ಆರಂಭವಾಗುವುದೇ ಬಿಡುಗಡೆಯ ನಂತರ. ನಾವು ಬಳಸುವ ಗೆಟ್‌ಟೆಕ್ಸ್ಟ್ ಅನುವಾದ ವ್ಯವಸ್ಥೆಯಲ್ಲಿ ಮೂಲ ವಾಕ್ಯ ಸ್ವಲ್ಪ ಬದಲಾದರೂ ಅದರ ಅನುವಾದಕ್ಕೆ 'ಫಝಿ' ಎಂಬ ಗುರುತು ಬೀಳುತ್ತದೆ, ಸ್ಫಿಂಕ್ಸ್ ಆ ಗುರುತಿರುವ ಅನುವಾದವನ್ನು ತಾನಾಗಿ ಬಳಸುವುದಿಲ್ಲ, ಅಲ್ಲಿ ಇಂಗ್ಲಿಷ್ ವಾಕ್ಯವನ್ನೇ ತೋರಿಸುತ್ತದೆ. 2.0 ಬಂದ ದಿನ ನಮ್ಮ ಕನ್ನಡ ಪುಟದಲ್ಲಿ ಎರಡು ಪ್ಯಾರಾ ಕನ್ನಡ, ಮೂರನೆಯದು ಇಂಗ್ಲಿಷ್, ಮತ್ತೆ ಕನ್ನಡ ಎಂಬಂತಾಗಿತ್ತು. ಆ ದಿನದ ಟ್ಯಾಗ್‌ನಿಂದ ಒಮ್ಮೆ ಬಿಲ್ಡ್ ಮಾಡಿ ಬೀಗ ಹಾಕಿದರೆ, ಅರ್ಧ ಇಂಗ್ಲಿಷ್ ಇರುವ ಆ ಕನ್ನಡ ಕೈಪಿಡಿಯೇ 2.0ರ ಶಾಶ್ವತ ಕೈಪಿಡಿಯಾಗುತ್ತದೆ. ನಂತರ ನಾವು ಮಾಡುವ ಅನುವಾದವೆಲ್ಲ ಮುಖ್ಯ ಬ್ರಾಂಚ್‌ಗೆ ಹೋಗುತ್ತದೆ, ಅಷ್ಟರಲ್ಲಿ ಅಲ್ಲಿನ ಮೂಲವೂ ಮುಂದೆ ಸಾಗಿರುತ್ತದೆ.

ಆದ್ದರಿಂದ ಬೆಂಬಲವಿರುವ ಆವೃತ್ತಿಗಳ ಕೈಪಿಡಿಗಳು ಟ್ಯಾಗ್‌ನಿಂದಲ್ಲ, ಆ ಸಾಲಿನ ಬ್ರಾಂಚ್‌ನಿಂದ ಬಿಲ್ಡ್ ಆಗಬೇಕು. ಅನುವಾದದ ಕಡತಗಳೂ ಆಯಾ ಬ್ರಾಂಚ್‌ನಲ್ಲಿಯೇ ಇರಬೇಕು. ಸ್ಥಿರ ಬ್ರಾಂಚ್‌ನಲ್ಲಿ ಮೂಲ ಪಠ್ಯ ಹೆಚ್ಚು ಅಲುಗಾಡುವುದಿಲ್ಲವಾದ್ದರಿಂದ ಅಲ್ಲಿ ಅನುವಾದವನ್ನು ಪೂರ್ತಿಗೊಳಿಸುವುದು ಸಾಧ್ಯವಾಗುತ್ತದೆ. ವಿಳಾಸದಲ್ಲಿ ಭಾಷೆ ಮೊದಲು, ಆವೃತ್ತಿ ನಂತರ ಬರಲಿ ಎಂದೂ ಕೋರುತ್ತೇನೆ. ಪೈಥಾನ್, ಜಾಂಗೋ (ಪೈಥಾನ್‌ನ ವೆಬ್ ಚೌಕಟ್ಟು), ರೀಡ್ ದ ಡಾಕ್ಸ್ ಮೂರರಲ್ಲೂ ಕ್ರಮ ಅದೇ.

ಕಡಲತಡಿ

ಈ ಅಂಶ ನನ್ನ ಲೆಕ್ಕದಲ್ಲಿ ಇರಲಿಲ್ಲ, ಮೇಡಂ. ಹೀಗಾದರೆ ನನ್ನ ಮತ್ತು ಮಲೆನಾಡ ಬಿಲ್ಡ್ ಅವರ ವಾದಗಳೂ ಒಂದೇ ಕಡೆ ಬಂದು ಸೇರುತ್ತವೆ. ಪೈಥಾನ್ ಯೋಜನೆಯೂ ಕೈಪಿಡಿಯ ದೈನಂದಿನ ಬಿಲ್ಡ್‌ನಲ್ಲಿ ಸಕ್ರಿಯ ಸಾಲುಗಳನ್ನು ಮಾತ್ರ ಇಟ್ಟುಕೊಂಡು, ಬೆಂಬಲ ಮುಗಿದವುಗಳನ್ನು ಕೊನೆಯ ಬಿಲ್ಡ್ ಹೇಗಿತ್ತೋ ಹಾಗೆಯೇ ಬಿಟ್ಟುಬಿಡುತ್ತದೆ. ಅಂದರೆ ಜೀವವಿರುವವರೆಗೆ ಬ್ರಾಂಚ್‌ನಿಂದ ಬಿಲ್ಡ್, ಆಮೇಲೆ ಕಟ್ಟಿದ ಎಚ್‌ಟಿಎಂಎಲ್‌ಗೆ ಕೈ ಹಚ್ಚುವಂತಿಲ್ಲ.

ಆದರೆ ಬೀಗ ಹಾಕುವ ಮುನ್ನ ಒಂದು ಏರ್ಪಾಡು ಬೇಕು. ಆವೃತ್ತಿ ಮೆನುವಿನ ಪಟ್ಟಿಯನ್ನು ಪುಟದ ಎಚ್‌ಟಿಎಂಎಲ್ ಒಳಗೆ ಬರೆದರೆ 1.4ರ ಪುಟಗಳಿಗೆ 2.0 ಎಂಬುದೊಂದು ಇದೆ ಎಂದೇ ಗೊತ್ತಾಗುವುದಿಲ್ಲ. ಪಟ್ಟಿ ಎಲ್ಲ ಆವೃತ್ತಿಗಳ ಹೊರಗೆ, ಬೇರಿನಲ್ಲಿ ಇರಬೇಕು. ನಮ್‌ಪೈ, ಪಾಂಡಾಸ್ ಬಳಸುವ ಪೈಡೇಟಾ ಸ್ಫಿಂಕ್ಸ್ ಥೀಮ್ ಹೀಗೆ ಹೊರಗಿನ ಒಂದು ಜೇಸನ್ ಕಡತವನ್ನು ಓದಿ ಮೆನು ಕಟ್ಟುತ್ತದೆ. ಆರಿಸಿದ ಆವೃತ್ತಿಯಲ್ಲಿ ಅದೇ ಪುಟ ಇದೆಯೇ ಎಂದು ಮೊದಲು ವಿಚಾರಿಸಿ, ಇಲ್ಲದಿದ್ದರೆ ಮಾತ್ರ ಆ ಆವೃತ್ತಿಯ ಮುಖಪುಟಕ್ಕೆ ಕಳುಹಿಸುತ್ತದೆ. ಜೂಲಿಯಾ ಭಾಷೆಯವರ ಕೈಪಿಡಿ ಉಪಕರಣ ಡಾಕ್ಯುಮೆಂಟರ್ ಕೂಡ ಬೇರಿನಲ್ಲೇ ಪಟ್ಟಿ ಇಡುತ್ತದೆ. ಜೊತೆಗೆ ಪ್ರತಿ ಪುಟದಲ್ಲೂ ಬೇರಿನಲ್ಲಿರುವ ಒಂದು ಸಣ್ಣ ಜಾವಾಸ್ಕ್ರಿಪ್ಟ್ ಕಡತವನ್ನು ಕರೆಯುವ ಸಾಲು ಇರಲಿ, ಇಂದು ಆ ಕಡತ ಖಾಲಿಯಿದ್ದರೂ ಸರಿ. ನಾಳೆ 'ಈ ಆವೃತ್ತಿಗೆ ಬೆಂಬಲ ಮುಗಿದಿದೆ' ಎಂಬ ಎಚ್ಚರಿಕೆಯನ್ನು ಪುಟದ ಮೇಲೆ ತೋರಿಸಬೇಕಾದಾಗ ಆ ಒಂದು ಕಡತ ಬದಲಾಯಿಸಿದರೆ ಸಾಕು. ಜಾಂಗೋದ ಹಳೆಯ ಕೈಪಿಡಿಗಳ ಮೇಲೆ ಇದು ಸುರಕ್ಷಿತವಲ್ಲದ ಆವೃತ್ತಿ ಎಂದು ದಪ್ಪಕ್ಷರದಲ್ಲಿ ಕಾಣುತ್ತದಲ್ಲ, ಅಷ್ಟು ನೇರವಾಗಿ ಹೇಳಿದರೂ ತಪ್ಪಿಲ್ಲ.

ಹುಡುಕುನೋಟ

ಹುಡುಕುತಾಣಗಳ ವಿಷಯ ಇನ್ನೂ ಬಂದಿಲ್ಲ. ಹೆಚ್ಚಿನ ಓದುಗರು ನಿಮ್ಮ ಮೆನು ಮೂಲಕ ಬರುವುದಿಲ್ಲ, ಗೂಗಲ್ ಮೂಲಕ ನೇರವಾಗಿ ಒಳಪುಟಕ್ಕೆ ಬೀಳುತ್ತಾರೆ. ಹಳೆಯ ಪುಟಕ್ಕೆ ವರ್ಷಗಳಿಂದ ಕೊಂಡಿಗಳು ಸೇರಿರುವುದರಿಂದ ಅದೇ ಮೇಲೆ ಬರುವ ಸಂಭವ ಹೆಚ್ಚು. ಎಲ್ಲ ಆವೃತ್ತಿಗಳ ಪುಟಗಳಲ್ಲೂ 'ಕೆನಾನಿಕಲ್' ಕೊಂಡಿ (ಇದೇ ಮುಖ್ಯ ಪುಟ ಎಂದು ಹುಡುಕುತಾಣಕ್ಕೆ ಹೇಳುವ ಗುರುತು) ಸ್ಥಿರ ವಿಳಾಸದ ಅದೇ ಪುಟವನ್ನು ತೋರಿಸುವಂತಿರಲಿ. ಸ್ಫಿಂಕ್ಸ್‌ನಲ್ಲಿ 'ಎಚ್‌ಟಿಎಂಎಲ್ ಬೇಸ್ ಯುಆರ್‌ಎಲ್' ಎಂಬ ಸೆಟ್ಟಿಂಗ್ ಇದಕ್ಕೇ ಇದೆ. ಗೂಗಲ್ ಇದನ್ನು ಆಜ್ಞೆಯಾಗಿ ಅಲ್ಲ, ಸೂಚನೆಯಾಗಿ ಮಾತ್ರ ತೆಗೆದುಕೊಳ್ಳುತ್ತದೆ. ಎರಡು ಪುಟಗಳ ಪಠ್ಯ ತೀರ ಬೇರೆಯಾಗಿದ್ದರೆ ಒಪ್ಪದೆಯೂ ಇರಬಹುದು.

ಹುಡುಕುತಾಣಗಳಿಗೆ ಯಾವ ಪುಟ ಓದಬಾರದೆಂದು ಹೇಳುವ ರೋಬೋಟ್ಸ್ ಕಡತದಲ್ಲಿ ಹಳೆಯ ಆವೃತ್ತಿಗಳನ್ನು ತಡೆಯುವ ಯೋಚನೆ ಯಾರಿಗಾದರೂ ಬಂದಿದ್ದರೆ ಎರಡು ಕಾರಣಗಳಿಗಾಗಿ ಬೇಡ ಎನ್ನುತ್ತೇನೆ. ತಡೆದ ಪುಟವನ್ನು ಗೂಗಲ್ ಓದುವುದೇ ಇಲ್ಲವಾದ್ದರಿಂದ ಅದರೊಳಗಿನ ಕೆನಾನಿಕಲ್ ಕೊಂಡಿಯನ್ನಾಗಲಿ ಫಲಿತಾಂಶದಲ್ಲಿ ಸೇರಿಸಬೇಡಿ ಎನ್ನುವ ನೋಇಂಡೆಕ್ಸ್ ಗುರುತನ್ನಾಗಲಿ ನೋಡಲಾಗದು, ಆದರೂ ಹೊರಗಿನ ಕೊಂಡಿಗಳ ಬಲದಿಂದ ಬರಿಯ ವಿಳಾಸ ಫಲಿತಾಂಶದಲ್ಲಿ ಕಾಣಿಸಬಹುದು. ಎರಡನೆಯದಾಗಿ, ರೋಬೋಟ್ಸ್ ಕಡತಕ್ಕೆ ಬೆಲೆ ಇರುವುದು ಡೊಮೇನಿನ ಬೇರಿನಲ್ಲಿ ಮಾತ್ರ. ಗಿಟ್‌ಹಬ್ ಪೇಜಸ್‌ನಲ್ಲಿ ಯೋಜನೆಯ ತಾಣ ಖಾತೆಯ ಹೆಸರಿನ ಡೊಮೇನಿನಡಿ ಒಂದು ಉಪಫೋಲ್ಡರ್ ಆಗಿರುತ್ತದೆ. ಅಲ್ಲಿಟ್ಟ ರೋಬೋಟ್ಸ್ ಕಡತವನ್ನು ಯಾವ ಹುಡುಕುತಾಣವೂ ನೋಡುವುದಿಲ್ಲ. ಸ್ವಂತ ಡೊಮೇನ್ ಜೋಡಿಸಿದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಲಿಪಿಗಾರ

ಎಲ್ಲರಿಗೂ ಧನ್ಯವಾದಗಳು. ತಂಡದಲ್ಲಿ ಮಾತನಾಡಿ ಹೀಗೆ ತೀರ್ಮಾನಿಸಿದ್ದೇವೆ. ರೀಡ್ ದ ಡಾಕ್ಸ್‌ಗೆ ಹೋಗುತ್ತೇವೆ. ಭಾಷೆ ಮೊದಲು, ನಂತರ ಆವೃತ್ತಿ. 1.4 ಮತ್ತು 2 ಎಂಬ ಎರಡೇ ಸಾಲುಗಳು, ಎರಡೂ ತಮ್ಮ ತಮ್ಮ ಬ್ರಾಂಚ್‌ನಿಂದ, ಬಿಗಿದಿಟ್ಟ ಪ್ಯಾಕೇಜ್ ಪಟ್ಟಿಯೊಡನೆ ಬಿಲ್ಡ್ ಆಗುತ್ತವೆ. ಮುಖ್ಯ ಬ್ರಾಂಚ್‌ನ ಕೈಪಿಡಿಯೂ ಇರುತ್ತದೆ, ಆದರೆ ಮೆನುವಿನಲ್ಲಿ ಕಾಣದಂತೆ ಮರೆಮಾಡುತ್ತೇವೆ. ಹಳೆಯ ಗಿಟ್‌ಹಬ್ ವಿಳಾಸಗಳಲ್ಲಿ ರಿಡೈರೆಕ್ಟ್ ಪುಟಗಳು ಉಳಿಯುತ್ತವೆ. 1.4ರ ಬೆಂಬಲ ಮುಗಿಸುವ ದಿನ ಅದರ ಕೈಪಿಡಿಯ ಜಿಪ್ ಕಡತವೊಂದನ್ನು ಬಿಡುಗಡೆ ಪುಟಕ್ಕೂ ಸೇರಿಸಿ, ಆ ಬ್ರಾಂಚ್‌ನ ಬಿಲ್ಡ್ ನಿಲ್ಲಿಸುತ್ತೇವೆ. 1.4 ಈಗಾಗಲೇ ತಿದ್ದುಪಡಿಗಳಿಲ್ಲದೆ ನಿಂತಿರುವುದರಿಂದ ಮೊದಲ ಬಿಲ್ಡ್ ಸರಿಬಂದೊಡನೆ ಆ ಕೆಲಸವನ್ನೂ ಮುಗಿಸಿಬಿಡುವ ಯೋಚನೆ ಇದೆ.

ಪ್ರಾಯೋಗಿಕ ಬಿಲ್ಡ್‌ನಲ್ಲಿ ಒಂದು ವಿಚಿತ್ರ ಕಂಡಿತು. ಕನ್ನಡ ಕೈಪಿಡಿಯ ಹುಡುಕಾಟದಲ್ಲಿ 'ಲಿಪಿ' ಎಂದು ಕೊಟ್ಟರೆ ಆ ಪದವೇ ಇಲ್ಲದ ಪುಟಗಳು ಬರುತ್ತಿವೆ. ಇದು ಆವೃತ್ತಿಗಳ ವಿಷಯವಲ್ಲದಿದ್ದರೂ, ಕಾರಣ ತಿಳಿದವರಿದ್ದರೆ ಹೇಳಿ.

ಹುಡುಕುನೋಟ

ಇದು ಆವೃತ್ತಿಗಳ ವಿಷಯವೂ ಹೌದು, ಮುಂದೆ ಹೇಳುತ್ತೇನೆ. ಸ್ಫಿಂಕ್ಸ್‌ನ ಹುಡುಕಾಟದಲ್ಲಿ ಕನ್ನಡಕ್ಕೆ ಪ್ರತ್ಯೇಕ ಬೆಂಬಲವಿಲ್ಲ. ಸೂಚಿ ತಯಾರಿಸುವಾಗ ಅದು ಪೈಥಾನ್ ರೆಗ್ಯುಲರ್ ಎಕ್ಸ್‌ಪ್ರೆಶನ್‌ನ ಪದ ಗುರುತನ್ನು ಬಳಸಿ ಪಠ್ಯವನ್ನು ಪದಗಳಾಗಿ ಒಡೆಯುತ್ತದೆ, ಆ ಗುರುತು ಯುನಿಕೋಡ್‌ನ ಅಕ್ಷರಗಳನ್ನೂ ಅಂಕೆಗಳನ್ನೂ ಒಪ್ಪಿಕೊಂಡು ಸ್ವರಚಿಹ್ನೆಗಳನ್ನೂ ಹಲಂತವನ್ನೂ ಒಪ್ಪುವುದಿಲ್ಲ. ಹಾಗಾಗಿ 'ಕನ್ನಡ' ಎಂಬ ಪದ ಒತ್ತಕ್ಷರ ಮಾಡುವ ಹಲಂತ ಚಿಹ್ನೆಯ ಬಳಿ ಒಡೆದು 'ಕನ', 'ನಡ' ಎಂದು ಎರಡಾಗುತ್ತದೆ. 'ಲಿಪಿ' ಎಂಬುದು ಬರಿಯ 'ಲ' ಮತ್ತು 'ಪ' ಆಗುತ್ತದೆ. ಬ್ರೌಸರ್‌ನಲ್ಲಿ ಓಡುವ ಭಾಗವೂ ನೀವು ಟೈಪ್ ಮಾಡಿದ್ದನ್ನು ಇದೇ ರೀತಿ ಒಡೆಯುತ್ತದೆ. ಎರಡು ಕಡೆಯೂ ಒಂದೇ ತಪ್ಪು ಇರುವುದರಿಂದ ಏನೋ ಫಲಿತಾಂಶ ಸಿಗುತ್ತದೆ, ಬೇಕಾದದ್ದು ಸಿಗುವುದಿಲ್ಲ.

ಪರಿಹಾರವಿದೆ. ಸ್ಫಿಂಕ್ಸ್‌ಗೆ ಹೊಸ ಹುಡುಕಾಟ ಭಾಷೆಯೊಂದನ್ನು ಸೇರಿಸಲು ಅವಕಾಶವಿದೆ; 'ಸರ್ಚ್ ಲ್ಯಾಂಗ್ವೇಜ್' ಕ್ಲಾಸ್‌ನಿಂದ ಕನ್ನಡಕ್ಕೊಂದು ಕ್ಲಾಸ್ ಮಾಡಿ, ಪದ ಒಡೆಯುವ ವಿಧಾನವನ್ನು ಪೈಥಾನ್‌ನಲ್ಲೂ ಜಾವಾಸ್ಕ್ರಿಪ್ಟ್‌ನಲ್ಲೂ ಬದಲಾಯಿಸಬೇಕು. ಅಕ್ಷರ ಮತ್ತು ಅಂಕೆಗಳ ಜೊತೆ ಯುನಿಕೋಡ್‌ನ 'ಮಾರ್ಕ್' ವರ್ಗವನ್ನೂ ಪದದ ಭಾಗವೆಂದು ಒಪ್ಪಿಕೊಂಡರೆ ಬಹುಪಾಲು ಸರಿಹೋಗುತ್ತದೆ. 'ಸಾಫ್ಟ್‌ವೇರ್' ಮುಂತಾದ ಪದಗಳ ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಜೋಡಿಸದ ಚಿಹ್ನೆ ಇರುತ್ತದೆ. ಕೆಲವರು ಅದನ್ನು ಟೈಪ್ ಮಾಡುತ್ತಾರೆ, ಕೆಲವರು ಇಲ್ಲ. ಸೂಚಿ ಮಾಡುವಾಗಲೂ ಹುಡುಕುವಾಗಲೂ ಅದನ್ನು ತೆಗೆದುಹಾಕಿ ಹೋಲಿಸಿ.

ಈಗ ಆವೃತ್ತಿಯ ಮಾತು. ಹುಡುಕಾಟದ ಸೂಚಿ ಪ್ರತಿ ಆವೃತ್ತಿಯ ಬಿಲ್ಡ್ ಒಳಗೇ ಇರುತ್ತದೆ, ಬೇರಿನಿಂದ ಸ್ಕ್ರಿಪ್ಟ್ ಬದಲಾಯಿಸಿ ಸರಿಪಡಿಸುವಂಥದ್ದಲ್ಲ. ಒಡೆದ ಪದಗಳಿಂದ ಮಾಡಿದ ಸೂಚಿಗೆ ಸರಿಯಾದ ಪದವನ್ನು ಕೊಟ್ಟರೆ ಇದ್ದ ಫಲಿತಾಂಶವೂ ಹೋಗುತ್ತದೆ. 1.4ರ ಬಿಲ್ಡ್ ನಿಲ್ಲಿಸುವ ಮುನ್ನವೇ ಈ ಕ್ಲಾಸ್ ಆ ಬ್ರಾಂಚ್‌ಗೂ ಸೇರಬೇಕು.

ಲಿಪಿಗಾರ

ಹಾಗಿದ್ದರೆ 1.4ರ ಬಿಲ್ಡ್ ನಿಲ್ಲಿಸುವುದನ್ನು ಮುಂದೂಡುತ್ತೇವೆ. ಆ ಬ್ರಾಂಚ್‌ನಲ್ಲಿ ಬಿಗಿದಿಟ್ಟಿರುವ ಸ್ಫಿಂಕ್ಸ್ ಹಳೆಯದಾದ್ದರಿಂದ ಅದರ ಬ್ರೌಸರ್ ಭಾಗ ಪದಗಳನ್ನು ಒಡೆಯುವ ಬಗೆ ಬೇರೆಯಿರಬಹುದು. ಕ್ಲಾಸನ್ನು ಮೊದಲು ಅಲ್ಲಿ ಪರೀಕ್ಷಿಸಿ, ನಂತರ 2ರ ಬ್ರಾಂಚ್‌ಗೆ ತರುತ್ತೇವೆ. ಅನುವಾದಕಿ ಮೇಡಂ, 1.4ರ ಕನ್ನಡದಲ್ಲಿ ಉಳಿದಿರುವ ಫಝಿ ವಾಕ್ಯಗಳನ್ನು ಅಷ್ಟರೊಳಗೆ ನೋಡಿಕೊಡಲು ಸಾಧ್ಯವೇ?

ಅನುವಾದಕಿ

ಸಾಧ್ಯ. ಆ ಬ್ರಾಂಚ್‌ನ ಅನುವಾದ ಕಡತಗಳನ್ನು ವೆಬ್‌ಲೇಟ್ ಎಂಬ ಅನುವಾದ ತಾಣದಲ್ಲಿ ಪ್ರತ್ಯೇಕ ಘಟಕವಾಗಿ ಜೋಡಿಸಿಕೊಡಿ, ಮುಖ್ಯ ಬ್ರಾಂಚ್‌ನದರ ಜೊತೆ ಬೆರೆಸಬೇಡಿ. ಎಪಿಐ ಪುಟಗಳನ್ನು ಇಂಗ್ಲಿಷ್‌ನಲ್ಲೇ ಬಿಟ್ಟು, ಸ್ಥಾಪನೆ ಮತ್ತು ಫಾಂಟ್ ಪಟ್ಟಿಯ ಅಧ್ಯಾಯಗಳನ್ನು ಮೊದಲು ಮುಗಿಸುತ್ತೇನೆ, 1.4ರಲ್ಲಿ ಉಳಿದಿರುವ ಪ್ರಕಾಶಕರು ತೆರೆಯುವುದು ಅವೆರಡನ್ನೇ.